ನಂಬರಿನ ತಗಡು, ಸಾವಂತ್ರೆವ್ವನ ಪಾಯ

ಭಾನುವಾರ, 4 ಫೆಬ್ರವರಿ 2007

ಕರಣಿ ತೊಳೆದಿಟ್ಟೆ. ನಾಳೆಯಿಂದ ಮತ್ತೆ ಮುಳುಗಡೆಯವರ ನವಗ್ರಾಮ, ಸಾವಂತ್ರೆವ್ವನ ಮನೆಯ ಪಾಯ. ಡ್ಯಾಮಿನ ನೀರಿಗೆ ಊರು ಹೋದಾಗಿನಿಂದ ಈ ಮುದುಕಿ ಮೂವತ್ತೈದು ವರ್ಷ ಪತ್ರಾಸಿನ ಶೆಡ್ಡಿನಲ್ಲೇ ಇದ್ದಾಳೆ. ಕಟ್ಟಿದರೆ ಮತ್ತೆ ಎಬ್ಬಿಸುತ್ತಾರೆ ಎಂಬ ಹಟ. ಮಗ ಸತ್ಯಪ್ಪ ಈ ವರ್ಷ ಹೇಗೋ ಒಪ್ಪಿಸಿದ್ದಾನೆ.

ಮಧ್ಯಾಹ್ನ ಹೆಂಡತಿ ಮೆಹೆರಾಜಳನ್ನು ಕರೆದುಕೊಂಡು ನವಿಲುತೀರ್ಥಕ್ಕೆ ಹೋಗಿದ್ದೆ. ಬುತ್ತಿ ಬಿಚ್ಚಲು ಗುಡ್ಡದ ಮೇಲೆ ನೆರಳು ಹುಡುಕುವಾಗ ಒಂದು ಕಡೆ ಕಲ್ಲು ಕೂತ ರೀತಿ ನೋಡಿ ಅನುಮಾನ ಬಂತು. ಕಲ್ಲು ಕಟ್ಟುವ ಗೌಂಡಿ ಕಣ್ಣು... ತಾನಾಗಿ ಬಿದ್ದ ಕಲ್ಲು ಹಾಗೆ ಕೂರುವುದಿಲ್ಲ. ಸರಿಸಿದರೆ ಪ್ಲಾಸ್ಟಿಕ್ ಡಬ್ಬಿ. ಒಳಗೆ ಪೆನ್ಸಿಲ್, ಪುಟ್ಟ ನೋಟ್‌ಬುಕ್, ಎರಡು ಗೋಲಿ, ಸರಪಳಿ ಹಾಕಿದ ಸ್ಟೀಲಿನ ತಗಡು. ಅದರ ಮೇಲೆ ಇಂಗ್ಲಿಷ್ ಅಕ್ಷರ, ನಂಬರು.

"ಇಡ್ರಿ ಅದನ್ನ," ಎಂದಳು ಮೆಹೆರಾಜ. "ಯಾರ ಹರಕಿದೋ ಏನೋ."

ಕೇಳಲಿಲ್ಲ. ನನ್ನ ಎಂ-80 ಗಾಡಿಯ ಚಾವಿಗೆ ಭೇಷ್ ಒಪ್ಪಿತು.

ಬುಧವಾರ, 7

ತಗಡು ಕಳೆದಿದೆ. ಚಾವಿ ಇದೆ, ಅದಿಲ್ಲ. ಮೆಹೆರಾಜಳಿಗೆ ಹೇಳಲಿಲ್ಲ. ಹೇಳಿದರೆ ಭಾಷಣ.

ಗುರುವಾರ, 8. ಮಧ್ಯಾಹ್ನ 1

ಕೆಲಸ ನಿಂತಿದೆ. ತಗಡು ನನ್ನ ಜೇಬಿನಿಂದ ಪಾಯದಲ್ಲೇ ಬಿದ್ದಿತ್ತು. ಬೆಳಗ್ಗೆ ಸಾವಂತ್ರೆವ್ವನ ಕೈಗೆ ಸಿಕ್ಕಿತು. ಮುದುಕಿ ಅದನ್ನು ಕೆಳಗೆಸೆದಳು. ಹಳೇ ಊರಿನಲ್ಲಿ ಸರ್ವೇದವರು ಬಂದು ಮನೆಮನೆಯ ಚೌಕಟ್ಟಿಗೆ ಇಂಥದೇ ನಂಬರು ಹೊಡೆದಿದ್ದರಂತೆ. ಆಮೇಲೆ ಎರಡೇ ವರ್ಷ, ಅಡುಗೆಮನೆಯಲ್ಲಿ ನೀರು.

"ಬಂತ ನೋಡ, ಮತ್ತ ನಂಬರ ಬಂತ. ಮುಚ್ಚರಿ ಪಾಯಾ!"

"ಯವ್ವಾ, ಇದು ಸರಕಾರದ್ದಲ್ಲಬೇ," ಎಂದ ಸತ್ಯಪ್ಪ. "ಇಂಗ್ಲೀಷನ್ಯಾಗ ಐತಿ."

"ಅವತ್ತಿಂದೂ ಇಂಗ್ಲೀಷನ್ಯಾಗ ಇತ್ತು. ಓದಾಕ ಬಂದಿದ್ದರ ನಾವ್ಯಾಕ ಮುಳಗತಿದ್ವಿ?" ನನ್ನ ಕಡೆ ತಿರುಗಿದಳು. "ನಾಸಿರ, ನಿನಗೇನರೆ ಗೊತ್ತೈತೇನೋ ಇದು?"

"ಇಲ್ಲಬೇ ಆಯಿ," ಎಂದೆ.

ಯಾಕೆ ಹಾಗೆಂದೆ? ಓಣಿಯವರೆಲ್ಲ ನಿಂತಿದ್ದರು. ಇನ್ನೊಬ್ಬರ ಡಬ್ಬಿಯಿಂದ ಎತ್ತಿಕೊಂಡದ್ದು ಎನ್ನಲು ನಾಲಿಗೆ ಏಳಲಿಲ್ಲ. ಥೂ.

ಸೋಮವಾರ, 19

ಹನ್ನೊಂದು ದಿನ ಏನೂ ಬರೆದಿಲ್ಲ. ಬರೆಯಲು ಮುಖ ಬೇಕಲ್ಲ. ಮುರಗೋಡದಲ್ಲಿ ಬೇರೆ ಕೆಲಸ ಹಿಡಿದು ತಲೆ ತಪ್ಪಿಸಿಕೊಂಡಿದ್ದೆ.

ಇವತ್ತು ಸತ್ಯಪ್ಪ ಹುಡುಕಿಕೊಂಡು ಅಲ್ಲಿಗೇ ಬಂದ. ಅವ್ವ ತಾನೇ ಮಣ್ಣಿನ ಪುಟ್ಟಿ ಹಿಡಿದು ಅರ್ಧ ಪಾಯ ಮುಚ್ಚಿದ್ದಾಳಂತೆ. ಪಾತ್ರೆ ಪಡಗ ಗಂಟು ಕಟ್ಟಿ, ಅದಕ್ಕೇ ಒರಗಿಕೊಂಡು ಕೂತಿದ್ದಾಳಂತೆ. ಊಟಕ್ಕೆ ಕರೆದರೂ ಏಳುವುದಿಲ್ಲ.

"ಈ ತಗಡ ಮನ್ಯಾಗ ಇಡಾಕೂ ಒಲ್ಲಳ್ರಿ. ನೀವ ಯಾರಿಗರೆ ತೋರಸ್ರಿ, ಗೌಂಡ್ಯಾರ," ಅಂತ ನನ್ನ ಕೈಗೇ ಕೊಟ್ಟು ಹೋದ. ಕಳ್ಳನ ಕೈಗೆ ಬೀಗದ ಕೈ.

ಮನೆಗೆ ಬಂದು ಮೆಹೆರಾಜಳಿಗೆ ಎಲ್ಲ ಹೇಳಿದೆ. ಭಾಷಣ ಬರಲಿಲ್ಲ. "ನಾಳೆ ಫರೀನ್ ಕಡೆ ಹೋಗ್ರಿ," ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಂಗಳವಾರ, 20. ಸಂಜೆ

ಸವದತ್ತಿ. ಮೆಹೆರಾಜಳ ಅಕ್ಕನ ಮಗಳು ಫರೀನ್ ಕೆಲಸ ಮಾಡುವ ಸೈಬರ್ ಕೆಫೆ. ತಗಡಿನ ಮೇಲೆ ಯಾವುದೋ ವೆಬ್‌ಸೈಟಿನ ಹೆಸರಿದೆ ಎಂದಳು. ಅದನ್ನು ಒತ್ತಿದಳು, ನಂಬರು ಒತ್ತಿದಳು. ಚಹಾ ಕುಡಿದು ಮುಗಿಸಿದರೂ ಪೇಜ್ ತೆರೆಯಲಿಲ್ಲ. ತೆರೆದಾಗ ಜೋರಾಗಿ ನಕ್ಕಳು.

"ಖಾಲೂ, ಇದು ಆಟ ಐತ್ರಿ! ಜಿಯೋಕ್ಯಾಶಿಂಗ್ ಅಂತಾರ. ಒಬ್ಬರು ಡಬ್ಬಿ ಬಚ್ಚಿಡತಾರ, ಇನ್ನೊಬ್ಬರು ಜಿಪಿಎಸ್ ಹಿಡಕೊಂಡು ಹುಡಕತಾರ. ಈ ತಗಡ ಒಂದ ಡಬ್ಬ್ಯಾಗಿಂದ ಇನ್ನೊಂದಕ್ಕ ಹೋಗಕೋಂತ ದೇಶ ತಿರಗತೈತಿ. ಎಲ್ಲಿ ಐತಂತ ಗೊತ್ತಾಗಲಿ ಅಂತ ನಂಬರು."

ಆಟ! ಸರ್ಕಾರವಲ್ಲ, ಸರ್ವೇಯಲ್ಲ. ಎದೆಯ ಮೇಲಿನ ಬಂಡೆ ಇಳಿಯಿತು. ಅಳು ಬಂದುಬಿಟ್ಟಿತು, ಕೆಫೆಯಲ್ಲೇ.

ತಗಡಿಗೂ ಒಂದು ಹೆಸರಿದೆ — ಟರ್ನರ್ಸ್ ವೆಲ್, ಅಂದರೆ ಟರ್ನರನ ಬಾವಿ. ಅಮೆರಿಕದಲ್ಲಿ ಹಿಂದೆ ಜನ ಬಂಡಿ ಹೂಡಿಕೊಂಡು ಹೊಸ ನೆಲ ಹುಡುಕುತ್ತ ಹೋಗುತ್ತಿದ್ದಾಗ, ಜನವಸತಿ ಮುಗಿಯುವ ಗಡಿಯಲ್ಲಿ ಹನ್ನೊಂದು ಮನೆಯವರು ಬಾವಿ ತೋಡಿ ಕಟ್ಟಿದ ಊರಂತೆ. ಈಗ ಒಂದು ಮನೆಯೂ ಇಲ್ಲ. ಆ ವಂಶದ ಹೆಂಗಸೊಬ್ಬಳು ಅಂಥ ಊರುಗಳ ಹೆಸರಿನಲ್ಲಿ ಒಂದೊಂದು ತಗಡು ಮಾಡಿಸಿ ಬಿಟ್ಟಿದ್ದಾಳೆ. ಊರು ಉಳಿಯಲಿಲ್ಲ, ಹೆಸರಾದರೂ ತಿರುಗಾಡಲಿ ಎಂದು ಬರೆದಿದ್ದಾಳೆ. ಅದನ್ನು ನಾನು ಎಂ-80ಗೆ ನೇತುಹಾಕಿದ್ದೆ.

ಫರೀನ್ ಪ್ರಿಂಟ್ ತೆಗೆದುಕೊಟ್ಟಳು.

ಬುಧವಾರ, 21

ಹೇಳಿಬಿಟ್ಟೆ. ಪಾಯದ ಪಕ್ಕದಲ್ಲೇ, ಓಣಿಯವರೆಲ್ಲರ ಮುಂದೆ. ಡಬ್ಬಿ, ಚಾವಿ, ಅವತ್ತಿನ ಸುಳ್ಳು, ಎಲ್ಲ. ಸಾವಂತ್ರೆವ್ವ ಕೊನೆಯವರೆಗೂ ಕೇಳಿದಳು. ಆಮೇಲೆ ಕೈಗೆ ಸಿಕ್ಕ ಪುಟ್ಟಿ ಎತ್ತಿ ನನ್ನ ಮೇಲೆ ಬೀಸಿದಳು.

"ಬಾಡ್ಯಾ! ಹದಿಮೂರ ದಿನಾ ನನ್ನ ಜೀಂವಾ ತಿಂದೆಲ್ಲೋ! ಒಲಿಗುಂಡ ಸೈತ ಗಂಟ ಕಟ್ಟಿದ್ನೆಲ್ಲೋ!"

ಬೈಯುತ್ತ ಬೈಯುತ್ತ ನಗು ಬಂತು ಮುದುಕಿಗೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಖರೇನ ಯಾರೂ ಎಬ್ಬಸಾಕ ಬರೂದಿಲ್ಲಲಾ?" ಅಂತ ಮೂರು ಸಲ ಕೇಳಿದಳು. ಮೂರು ಸಲವೂ ಇಲ್ಲವೆಂದೆ. ಈ ಸಲ ನಿಜವೇ ಹೇಳಿದೆ.

ಸತ್ಯಪ್ಪನಿಗೆ ಫರೀನ್ ಹೇಳಿದ್ದನ್ನೆಲ್ಲ ವಿವರಿಸುತ್ತಿದ್ದೆ. ಮುದುಕಿ ನಡುವೆ ಬಾಯಿ ಹಾಕಿದಳು. "ಆ ಹನ್ನೊಂದ ಮನಿಯಾವ್ರು ಎಲ್ಲಿ ಹ್ವಾದ್ರಂತ?"

"ಬರದಿಲ್ಲಬೇ."

"ಪಾಪ." ನನ್ನ ಕೈಯಿಂದ ತಗಡು ಇಸಿದುಕೊಂಡು, ತಿರುಗಿಸಿ ನೋಡಿ ಮರಳಿ ಕೊಟ್ಟಳು. "ಎಲ್ಲಿಂದ ತಂದೀಯೋ ಅಲ್ಲೇ ಇಟ್ಟ ಬಾ. ಆ ಹೆಣಮಗಳು ಹಾದಿ ನೋಡತಿರತಾಳ."

ಸಂಜೆಯೇ ಹೋಗಿ ಇಟ್ಟು ಬಂದೆ. ಡಬ್ಬಿಯ ನೋಟ್‌ಬುಕ್ಕಿನಲ್ಲಿ ಬರೆದೆ: ನಾಸಿರ ಗೌಂಡಿ, ಮುನವಳ್ಳಿ. ತಪ್ಪಾಯಿತು. ಕಲ್ಲು ಮೊದಲಿಗಿಂತ ಚೆನ್ನಾಗಿ ಕೂರಿಸಿದೆ. ಗುಡ್ಡ ಇಳಿಯುವಾಗ ಮೈ ಹಗುರ. ಮನೆಯಲ್ಲಿ ಎರಡು ರೊಟ್ಟಿ ಜಾಸ್ತಿ ತಿಂದೆ.

ಗುರುವಾರ, 22. ಬೆಳಗ್ಗೆ 6.30

ಚಹಾ ಮುಗಿದಿಲ್ಲ, ಬಾಗಿಲಲ್ಲಿ ಸತ್ಯಪ್ಪ. ಸೈಕಲ್ ತುಳಿದು ಏದುಸಿರು.

"ಲಗೂ ಬರ್ರಿ ಗೌಂಡ್ಯಾರ. ನಮ್ಮವ್ವ ನಸಿಕಿನ್ಯಾಗ ಎದ್ದು ಪಾಯಾ ತಗ್ಯಾಕ ಹತ್ಯಾಳ. ನೀವ ಅಳತಿಗೆ ಕಟ್ಟಿದ ದಾರಾನೂ ಕಿತ್ತಾಳ. ಎರಡ ಖೋಲಿ ಸಾಲೂದಿಲ್ಲಂತ, ಮೂರ ಬೇಕಂತ. ಅಡಗಿಮನಿ ಇಲ್ಲೇ ಅಂತ ಒಲಿಗುಂಡ ಇಟ್ಟ ಕುಂತಾಳ್ರಿ."

"ಎಲ್ಲಿ?"

"ನಡು ಹಾದ್ಯಾಗ್ರಿ!"

ಮೂವತ್ತೈದು ವರ್ಷ ಶೆಡ್ಡಿಗೆ ಒಂದು ಮೊಳೆ ಹೊಡೆಯಲು ಬಿಡದ ಮುದುಕಿ ಇವಳೇ! ಕರಣಿ ಎಲ್ಲಿ... ಮೆಹೆರಾಜ ನಗುತ್ತಿದ್ದಾಳೆ. ಹೊರಟೆ. ಇನ್ನು ತಡ ಮಾಡಿದರೆ ಸಾವಂತ್ರೆವ್ವ ಪಕ್ಕದ ಓಣಿಯನ್ನೂ ಒಳಗೆ ಸೇರಿಸಿಕೊಂಡು ಗೋಡೆ —