ಯಂತ್ರಕ್ಕೆ ಒಂದು ದಿನದ ಬಿಡುವು

ಹೊಸ ತಿಪ್ಪಸಂದ್ರ,
ಸೋಮವಾರ

ಗೋವಿಂದಮ್ಮನವರೇ, ನಮಸ್ಕಾರ.

ನಿನ್ನೆ ನೀವು ಕೇಳಿದ್ದಕ್ಕೆ ಉತ್ತರ ಕೊಡದೆ ಮೆಟ್ಟಿಲಿಳಿದು ಬಂದುಬಿಟ್ಟೆ. ಅದಕ್ಕೇ ಈ ಪತ್ರ.

ನಿಮ್ಮ ತಾರಸಿಯ ಮೇಲೆ ನಮ್ಮ ಯಂತ್ರ ಹನ್ನೊಂದು ವರ್ಷದಿಂದ ಬಿಡುವಿಲ್ಲದೆ ಗಾಳಿ ಎಳೆಯುತ್ತಿದೆ. ಎಲ್ಲಾದರೂ ಅಣುಸ್ಥಾವರ ಸೋರಿದರೆ ಆ ವಿಕಿರಣದ ಧೂಳು ಇಲ್ಲಿಯವರೆಗೂ ತೇಲಿ ಬಂದಿದೆಯೇ ಎಂದು ತಿಳಿಯುವುದಕ್ಕೆ. ದಿನವೂ ಬೆಳಿಗ್ಗೆ ನಾನು ಅದರಲ್ಲಿ ಧೂಳು ಹಿಡಿಯುವ ಸೋಸುಕಾಗದ ಬದಲಿಸುತ್ತೇನೆ. ನೀವು "ಏನಾದ್ರೂ ಸಿಕ್ತೇನಪ್ಪಾ?" ಎನ್ನುತ್ತೀರಿ. ನಾನು "ಏನೂ ಇಲ್ಲಮ್ಮ" ಎನ್ನುತ್ತೇನೆ.

ಈ ಆಯುಧಪೂಜೆಗೆ ಮೊದಲ ಸಲ ರಜೆ ಹಾಕಿದೆ. ಸಾಕಾಗಿತ್ತು. "ಮಿಷನ್ ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಹೋದೆ. ನೀವು ಅದನ್ನು ಒರೆಸಿ, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, "ಪಾಪ, ಇದೂ ಒಂದಿನ ಸುಧಾರಿಸ್ಕೊಳ್ಳಲಿ" ಎಂದು ಸ್ವಿಚ್ ಆರಿಸಿದಿರಿ. ತಪ್ಪು ನಿಮ್ಮದಲ್ಲ. ಆರಿಸಬಾರದೆಂದು ನಾನು ಒಮ್ಮೆಯೂ ಹೇಳಿರಲಿಲ್ಲ. ಕಚೇರಿಗೂ ಹಾಗೆಯೇ ಬರೆದುಕೊಟ್ಟಿದ್ದೇನೆ.

ಆ ವಾರವೇ ದೂರದ ದೇಶದಲ್ಲಿ ಸ್ಥಾವರ ಸೋರಿದ ಸುದ್ದಿ ಬಂತು. ನಿಮ್ಮ ಬಸುರಿ ಮಗಳು ಯಮುನಾ ಹಬ್ಬದ ದಿನ ಸಂಜೆಯವರೆಗೂ ತಾರಸಿಯಲ್ಲೇ ಇದ್ದಳು, ಏನೂ ಆಗಲ್ಲ ತಾನೆ ಎಂದು ನಿನ್ನೆ ಕೇಳಿದಿರಿ. ಹಿಂದಿನ ದಿನದ ಕಾಗದದಲ್ಲಿ ಏನೂ ಇರಲಿಲ್ಲ. ಮರುದಿನದ್ದರಲ್ಲೂ ಇಲ್ಲ. ಹೆದರಬೇಡಿ.

ತಾರಸಿಯ ಬೀಗದ ಕೈ ನಂದಿತಾ ಎಂಬ ಹುಡುಗಿಗೆ ಕೊಡಿ. ನಾಳೆಯಿಂದ ನನ್ನ ಬದಲು ಅವಳು ಬರುತ್ತಾಳೆ. ಮುಂದಿನ ವರ್ಷವೂ ಹಾರ ಹಾಕಿ, ಸ್ವಿಚ್ ಮಾತ್ರ ಮುಟ್ಟಬೇಡಿ.

ಆ ಒಂದು ದಿನಕ್ಕೆ "ಏನೂ ಇಲ್ಲಮ್ಮ" ಎನ್ನಲು ನನ್ನ ಹತ್ತಿರ ಕಾಗದವಿಲ್ಲ.

ಇಂತಿ,
ಸುಗತ