ಔಷಧತಜ್ಞೆಯನ್ನು ಕಿಟಕಿಯಿಂದ ಬಿಡಿಸಿಕೊಡಿ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಒಂದು ಧನ್ಯವಾದ, ಒಂದು ಜಗಳ, ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ಧನ್ಯವಾದ, ನನ್ನ ಚಿಕ್ಕಮ್ಮ ಕಣ್ಣು ಬಿಟ್ಟಿದ್ದಕ್ಕೆ. ಜಗಳ, ಕಣ್ಣು ಬಿಡಿಸಿದವರನ್ನು ನೀವು ನೆಲಮಹಡಿಯ ಔಷಧಿ ಕಿಟಕಿಗೆ ಅಟ್ಟಿದ್ದಕ್ಕೆ. "ಫಾರ್ಮಸಿಸ್ಟರ ಜಾಗ ಕೌಂಟರಿನ ಹಿಂದೆ, ರೌಂಡ್ಸ್ ವೈದ್ಯರದು" ಎಂಬ ನಿಮ್ಮ ಸುತ್ತೋಲೆ ಲಿಫ್ಟಿನ ಪಕ್ಕ ರಾರಾಜಿಸುತ್ತಿದೆ. ಅದರ ಗಾಂಭೀರ್ಯಕ್ಕೆ ಮರುಳಾಗಿ ನಾನು ಎರಡು ಲಿಫ್ಟ್ ತಪ್ಪಿಸಿಕೊಂಡೆ.

ತೀವ್ರ ನಿಗಾ ಘಟಕದಲ್ಲಿ ಚಿಕ್ಕಮ್ಮನಿಗೆ ಐದು ದಿನ ಫಿಟ್ಸ್ ನಿಲ್ಲಲಿಲ್ಲ. ಮೂಗಿನ ಕೊಳವೆಯಲ್ಲಿ ಆಹಾರ, ಅದರಲ್ಲೇ ಔಷಧಿ. ವೈದ್ಯರು ಡೋಸ್ ಏರಿಸಿದರು, ಮತ್ತೆ ಏರಿಸಿದರು. ರಕ್ತದಲ್ಲಿ ಮಾತ್ರ ಔಷಧಿಯ ಸುಳಿವೇ ಇಲ್ಲ. ಇನ್ನೊಂದು ಸ್ಕ್ಯಾನ್ ಎನ್ನುವಷ್ಟರಲ್ಲಿ, ರೌಂಡ್ಸಿನ ಸಾಲಿನ ಕೊನೆಯಲ್ಲಿದ್ದ ಔಷಧತಜ್ಞೆ ನರ್ಸನ್ನು ಕೇಳಿದರು:

"ಸಿಸ್ಟರ್, ಈ ಸಿರಪ್ ಯಾವಾಗ ಹಾಕ್ತೀರಿ?"

"ಫೀಡ್ ಜೊತೇಲೇ ಮೇಡಂ. ಒಂದೇ ಟ್ಯೂಬಲ್ವಾ, ಎರಡೆರಡು ಸಲ ಯಾಕೆ ಅಂತ."

"ಅಯ್ಯೋ, ಅದು ಫೀಡಿಗೆ ಅಂಟ್ಕೊಂಡು ಹಾಗೇ ಹೊರಗೆ ಹೋಗ್ತಿದೆ! ಮುಂಚೆ ಎರಡು ಗಂಟೆ, ಆಮೇಲೆ ಎರಡು ಗಂಟೆ ಫೀಡ್ ನಿಲ್ಸಿ. ಡಾಕ್ಟ್ರೇ, ಏರಿಸಿರೋ ಡೋಸ್ ಮೊದಲು ಇಳಿಸಿ. ಇಲ್ಲಾಂದ್ರೆ ಈಗ ಅಷ್ಟೂ ಮೈಗೆ ಹತ್ತುತ್ತೆ."

ಮೂರೇ ದಿನಕ್ಕೆ ಫಿಟ್ಸ್ ನಿಂತಿತು. ಮರುದಿನ ಚಿಕ್ಕಮ್ಮ ನನ್ನನ್ನು ದಿಟ್ಟಿಸಿ, "ಏನೋ, ಈ ಶರ್ಟ್ ಇನ್ನೂ ಬಿಸಾಡಿಲ್ವಾ?" ಎಂದಳು. ನಾನು ಕಾರಿಡಾರಿನಲ್ಲಿ ಕುಣಿದ ರೀತಿಗೆ ಸೆಕ್ಯುರಿಟಿಯವರು ನನ್ನನ್ನೂ ದಾಖಲು ಮಾಡಿಸಲು ನೋಡಿದರು.

ಮಾನ್ಯರೇ, ಮಾತ್ರೆ ಕೊಡುವುದು ಮಾತ್ರ ಔಷಧತಜ್ಞೆಯ ಕೆಲಸವೇ? ಹಾಗಾದರೆ ಅಡುಗೆಯವರನ್ನೂ ಒಲೆಯ ಹತ್ತಿರ ಬಿಡಬೇಡಿ, ಪಾತ್ರೆ ಅಂಗಡಿಯಲ್ಲಿ ಕೂರಿಸಿ! ಒಂದೇ ಮೈಯಲ್ಲಿ ಹದಿನಾಲ್ಕು ಔಷಧಿಗಳು ಜುಟ್ಟು ಹಿಡಿದು ಜಗಳವಾಡುವಾಗ ಬಿಡಿಸಲು ಬಲ್ಲವರು ಮೂರು ಮಹಡಿ ಕೆಳಗಿದ್ದರೆ ಹೇಗೆ?

ಚಿಕ್ಕಮ್ಮ ಇನ್ನೂ ನಿಗಾ ಘಟಕದಲ್ಲೇ ಇದ್ದಾಳೆ. ನಿನ್ನೆ ಬೆಳಗ್ಗೆ ಹೊಸ ಆಂಟಿಬಯಾಟಿಕ್ ಬರೆದರು. "ಫಿಟ್ಸ್ ಔಷಧಿ ಜೊತೆ ಇದು ಆಗುತ್ತಾ ಡಾಕ್ಟ್ರೇ?" ಎಂದೆ. ಅವರು ಅಭ್ಯಾಸಬಲದಿಂದ ಸಾಲಿನ ಕೊನೆಗೆ ತಿರುಗಿದರು. ಅಲ್ಲಿ ಗೋಡೆಗೆ ತಗುಲಿದ ಸ್ಯಾನಿಟೈಸರ್ ಬಾಟಲಿ. ಇಬ್ಬರೂ ಅದನ್ನೇ ನೋಡಿದೆವು. ಕೊನೆಗೆ ಅವರು ಔಷಧಿ ಚೀಟಿಯನ್ನು ನನ್ನ ಕೈಗಿಟ್ಟು ಮುಂದಿನ ಹಾಸಿಗೆಗೆ ಹೋದರು.

ನಾಳೆಯ ರೌಂಡ್ಸಿಗೆ ಔಷಧತಜ್ಞೆಯನ್ನು ಮೇಲಕ್ಕೆ ಕಳಿಸಿ. ಕಿಟಕಿಯಲ್ಲಿ ಯಾರಾದರೂ ಕೂರಲೇಬೇಕೆಂದರೆ ನಾನಿದ್ದೇನೆ. "ಸ್ಟಾಕ್ ಇಲ್ಲ, ನಾಳೆ ಬನ್ನಿ" ಎನ್ನುವಷ್ಟು ವಿದ್ಯೆ ನನಗೂ ಇದೆ.

ಇಂತಿ,
ಉತ್ತರ ಸಿಗುವವರೆಗೆ ಆ ಆಂಟಿಬಯಾಟಿಕ್ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅಲೆಯುತ್ತಿರುವ,
ನಾಲ್ಕನೇ ಹಾಸಿಗೆಯವಳ ಅಕ್ಕನ ಮಗ