ಚರ್ಮ ಚರ್ಮವನ್ನೇ ಹುಟ್ಟಿಸುತ್ತದೆ

ರಾಮದುರ್ಗ
ತಾ. ೧೯-೭-೧೯೭೬

ಚಿ. ಸೌ. ಮಥುರೆಗೆ ಅಪ್ಪನ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ನೀನು ಬೈಲಹೊಂಗಲದಲ್ಲಿ ಕ್ಷೇಮವಾಗಿಲ್ಲವೆಂದು ನೀನೇ ಪುಟಗಟ್ಟಲೆ ಬರೆದಿದ್ದೀ. ಆದರೂ ಕೇಳುತ್ತೇನೆ, ಕೈ ಹೇಗಿದೆ? ಒಲೆಯ ಮೇಲೆ ಹಾಲಿಟ್ಟು ಪುಸ್ತಕ ಹಿಡಿದು ಕೂತರೆ ಹಾಲೂ ಉಕ್ಕುತ್ತದೆ, ಅತ್ತೆಯ ಸಿಟ್ಟೂ ಉಕ್ಕುತ್ತದೆ. ಅದಕ್ಕೆ ಅವರು ನಿನ್ನ ಕೈಗೆ ಕಾಸಿದ ಸೌಟು ಇಟ್ಟದ್ದು ಹೆಚ್ಚಾಯಿತು, ಒಪ್ಪುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚು. ಬಿ.ಎಸ್ಸಿ. ಓದಿದವಳಿಗೆ ನಾನು ಹೇಳಬೇಕಿಲ್ಲ, ಚರ್ಮದ ಅಡಿಯ ಪದರದಲ್ಲಿ ಮೂಲಕೋಶಗಳಿವೆ, ಅವು ಹೊಸ ಚರ್ಮ ಹುಟ್ಟಿಸುತ್ತಲೇ ಇರುತ್ತವೆ. ಚರ್ಮವನ್ನಷ್ಟೇ. ಕಣ್ಣನ್ನಲ್ಲ, ನಾಲಿಗೆಯನ್ನಲ್ಲ.

ನಿನ್ನ ಪತ್ರದಲ್ಲಿ ಅರ್ಧ ಆ ಕಪ್ಪೆಯ ಕಥೆಯೇ ಇದೆ. ಗೊದಮೊಟ್ಟೆಯ ಕರುಳಿನ ಕೋಶದಿಂದ ಕೇಂದ್ರವನ್ನು ತೆಗೆದು ತತ್ತಿಯೊಳಗೆ ಇಟ್ಟರೆ ಇಡೀ ಕಪ್ಪೆ ಬೆಳೆಯಿತಂತೆ. ‘ಮುಚ್ಚಿದ್ದು ಹೋಗಿಲ್ಲ ಅಪ್ಪಾ, ಒಳಗ ಎಲ್ಲಾ ಹಂಗs ಅದ. ಪಂಚಮಿಗೆ ಬಂದು ನನ್ನ ಕರಕೊಂಡು ಹೋಗ್ರಿ, ಧಾರವಾಡಕ್ಕ ಎಂ.ಎಸ್ಸಿ.ಗೆ ಹಚ್ಚರಿ’ ಎಂದು ಬರೆದಿದ್ದೀ. ಇಪ್ಪತ್ತು ವರ್ಷ ಸಾಲಿಯಲ್ಲಿ ವಿಜ್ಞಾನ ಕಲಿಸಿದ ಅಪ್ಪನಿಗೆ ಪಾಠ ಹೇಳಲು ಹೊರಟಿದ್ದೀ. ನಿನ್ನನ್ನು ಅಷ್ಟು ಓದಿಸಿದ್ದಕ್ಕೆ ಈಗ ನನಗೆ ಸಿಟ್ಟು ಬರುತ್ತದೆ.

ಆ ಕಪ್ಪೆಯ ಪೂರ್ತಿ ಸಂಗತಿ ಕೇಳು. ನೂರು ತತ್ತಿಗೆ ಬದುಕಿದ್ದು ಒಂದೋ ಎರಡೋ. ಮೊದಲು ತತ್ತಿಯ ಸ್ವಂತ ಕೇಂದ್ರವನ್ನು ಕೊಲ್ಲಬೇಕು, ಅದನ್ನು ನೀನು ಬರೆಯಲಿಲ್ಲ. ಗುಣಗಳನ್ನು ಹೊತ್ತ ಡಿ.ಎನ್.ಎ. ದಾರ ಎಲ್ಲ ಕೋಶದಲ್ಲೂ ಪೂರ್ತಿ ಇರುತ್ತದೆ, ನಿಜ. ನಮ್ಮ ಅಜ್ಜನ ಪೋಥಿಗಳು, ಆ ಹಳೆಯ ಗ್ರಂಥಗಳು, ನೆನಪಿವೆಯಲ್ಲ? ಎಲ್ಲವೂ ಮನೆಯಲ್ಲೇ ಇದ್ದವು. ದಿನದ ಪೂಜೆಗೆ ಬೇಕಾದ ಒಂದನ್ನು ಬಿಚ್ಚಿಟ್ಟು, ಉಳಿದವನ್ನು ಅರಿವೆಯಲ್ಲಿ ಬಿಗಿದು ಕಟ್ಟುತ್ತಿದ್ದರು. ಕೋಶವೂ ಹಾಗೇ ಮಾಡುತ್ತದೆ. ಇನ್ನೂ ಏನೂ ಆಗಿರದ ಮೂಲಕೋಶದಲ್ಲಿ ದಾರ ಸಡಿಲವಾಗಿರುತ್ತದೆ. ಅದು ಚರ್ಮವೋ ನರವೋ ಆಗುತ್ತ ಹೋದಂತೆ, ಬೇಡವಾದ ಭಾಗವನ್ನು ಪ್ರೋಟೀನಿನ ಮಣಿಗಳಿಗೆ ಸುತ್ತಿ ಸುತ್ತಿ ಒತ್ತಿಡುತ್ತದೆ. ಒತ್ತಿಟ್ಟ ಗುಣವನ್ನು ಯಾರೂ ಓದಲಾರರು. ಮಣಿಗಳ ವಿಷಯ ನನ್ನ ಪುಸ್ತಕಗಳಲ್ಲಿ ಇರಲಿಲ್ಲ, ನೀನೇ ತಿಳಿಸಿದ್ದು. ಆದರೆ ಅದರ ಅರ್ಥ ನಿನಗಿಂತ ನನಗೇ ಚೆನ್ನಾಗಿ ಆಯಿತು. ಇಲ್ಲಿದ್ದಾಗ ನೀನು ಏನು ಬೇಕಾದರೂ ಆಗಬಹುದಿತ್ತು. ಅಕ್ಷತೆ ಬಿದ್ದ ಮೇಲೆ ಸೊಸೆ. ಉಳಿದದ್ದು ಒಳಗಿದ್ದರೆ ಇರಲಿ, ಯಾರಿಗೂ ತೊಂದರೆಯಿಲ್ಲ.

ನಿನ್ನ ಅಮ್ಮ ಪತ್ರ ಓದಿಸಿಕೊಂಡು ಅತ್ತಳು. ‘ಹಬ್ಬಕ್ಕ ಎಲ್ಲಾರ ಮಕ್ಕಳೂ ತವರಿಗೆ ಬರ್ತಾರ್ರಿ, ನಾಕು ದಿನಾ ಕರಕೊಂಡು ಬರ್ರಿ’ ಎಂದಳು. ನಾಲ್ಕು ದಿನಕ್ಕೆ ಬಂದವಳು ತಿರುಗಿ ಹೋಗುವುದಿಲ್ಲವೆಂದು ನನಗೆ ಗೊತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಹೇಳಿ ಸುಮ್ಮನಾಗಿಸಿದೆ. ಈ ಪಂಚಮಿಗೆ ನಿನ್ನನ್ನು ಕರೆಯಲು ಯಾರೂ ಬರುವುದಿಲ್ಲ, ದಾರಿ ನೋಡಬೇಡ. ಶೇಂಗಾ ಉಂಡಿ ಕಟ್ಟಿ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ. ಡಬ್ಬಿ ತೆರೆಯದೆ ಅತ್ತೆಯವರ ಕೈಗೆ ಕೊಡು.

ಅತ್ತೆಯವರಿಗೂ ಅಳಿಯಂದಿರಿಗೂ ನನ್ನ ನಮಸ್ಕಾರ ತಿಳಿಸು. ನಿನಗೆ ದೇವರು ತಾಳ್ಮೆ ಕೊಡಲಿ.

ಇಂತು,
ನಿನ್ನ ಅಪ್ಪ
ಪಾಂಡುರಂಗ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಮೈದುನ ಕೃಷ್ಣಾಜಿಗೆ ನಮ್ಮ ಗೋದೂನನ್ನು ಕೊಡುವುದೆಂದು ಮಾತಾಗಿದೆ. ಅಕ್ಕ ತಂಗಿ ಒಂದೇ ಮನೆಯಲ್ಲಿ ಇರುತ್ತೀರಿ. ನಿನ್ನ ಅತ್ತೆಯವರು ಬೇರೇನೂ ಕೇಳಲಿಲ್ಲ, ‘ದೊಡ್ಡಾಕಿ ಮನಿ ಬಿಟ್ಟು ಹೋಗಬಾರದು, ಅಷ್ಟs’ ಎಂದರು. ಗೋದೂ ಮಾತ್ರ ‘ಅಕ್ಕ ಹೂಂ ಅಂದ್ರ ನಾನೂ ಹೂಂ’ ಎಂದು ಹಟ ಹಿಡಿದಿದ್ದಾಳೆ. ಮನೆ ಒಳ್ಳೆಯದು ಎಂದು ಅವಳ ಹೆಸರಿಗೆ ಒಂದು ಕಾರ್ಡು ಬರಿ. ನಿನ್ನ ಅಕ್ಷರ ಕಂಡರೆ ನಂಬುತ್ತಾಳೆ.